ಗೇಟಿನ ಮುಂದೆ ಸುರಿದ ಬುತ್ತಿ

ತಾಳಗುಂದದ ಗುಡ್ಡಮ್ಮನ ಕೈಗೆ ತಕ್ಕಡಿಯೂ ಬೇಕಿರಲಿಲ್ಲ, ಎಣಿಕೆಯೂ ಬೇಕಿರಲಿಲ್ಲ. ರಾಶಿಯಿಂದ ಒಂದು ಹಿಡಿ ಸೈಕಲ್ ಕಡ್ಡಿ ಎತ್ತಿದಳೆಂದರೆ ಅದು ಮೂವತ್ತಾರು. ಒಂದು ಚಕ್ರಕ್ಕೆ ಬೇಕಾದಷ್ಟು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಕಡ್ಡಿಯ ತುದಿಗೆ ಹಾಕುವ ಪುಟ್ಟ ಹಿತ್ತಾಳೆ ನಟ್ಟಿನದೂ ಅದೇ ಲೆಕ್ಕ. ಬಾಚಿ ತೆಗೆದರೆ ಮೂವತ್ತಾರು. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯ ‘ವೀರಶ್ರೀ ಸೈಕಲ್ ಪಾರ್ಟ್ಸ್’ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ವರ್ಷಾನುಗಟ್ಟಲೆ ಇದನ್ನೇ ಮಾಡಿದವಳು. ಹೊಸದಾಗಿ ಬಂದ ಮ್ಯಾನೇಜರುಗಳು ನಂಬದೆ ತಾವೇ ಎಣಿಸಿ ನೋಡಿ ಪೆಚ್ಚಾಗುತ್ತಿದ್ದರು. “ಎಂತ ಸರ್, ಸರಿ ಐತಾ?” ಎಂದು ಇವಳು ನಗುತ್ತಿದ್ದಳು. ಹುಟ್ಟಿದ ಊರು ಸೊರಬ ತಾಲೂಕಿನ ಚಂದ್ರಗುತ್ತಿ. ತಾಳಗುಂದದ ಚೌಡಪ್ಪನನ್ನು ಮದುವೆಯಾಗಿ ಮೂವತ್ತು ವರ್ಷ ಕಳೆದರೂ ಸೊರಬದ ಕಡೆಯ ‘ಎಂತ’ ಅವಳ ನಾಲಿಗೆಯಿಂದ ಇಳಿದಿರಲಿಲ್ಲ.

ಅಂಥ ಹೆಂಗಸನ್ನು ಊರೆಲ್ಲ ‘ಕಳ್ಳಿ’ ಎಂದು ಕರೆಯುವ ಹಾಗೆ ಮಾಡಿದವನು ಕಾರ್ಖಾನೆಯ ಮಾಲೀಕ ವೀರಬಸಪ್ಪ. ಹೇಗೆ ಮಾಡಿದ ಅನ್ನುವುದನ್ನು ಮೊದಲು ಹೇಳುತ್ತೇನೆ. ಅದನ್ನು ಕೇಳದೆ ಗುಡ್ಡಮ್ಮ ಆಮೇಲೆ ಮಾಡಿದ್ದನ್ನು ಯಾರೂ ತೂಗಬಾರದು.

ಹತ್ತು ವರ್ಷದ ಹಿಂದಿನ ಮಾತು. ಪ್ಯಾಕಿಂಗಿನ ಹೆಂಗಸರನ್ನು ಶಿಫ್ಟು ಮುಗಿದ ಮೇಲೂ ಎರಡೆರಡು ತಾಸು ಹೆಚ್ಚಿಗೆ ದುಡಿಸಿಕೊಂಡು, ಅದಕ್ಕೆ ಪೈಸೆ ಕೊಡದೆ, ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಚಾಳಿ ಕಾರ್ಖಾನೆಯಲ್ಲಿತ್ತು. ಗುಡ್ಡಮ್ಮ ಒಂದು ದಿನ ಪೆನ್ನನ್ನು ಮೇಜಿನ ಮೇಲಿಟ್ಟು, “ಇದಕ್ಕೆ ನಾ ಸಹಿ ಹಾಕಲ್ಲ” ಅಂದಳು. ಅವಳ ಹಿಂದೆ ಮೂವತ್ತು ಜನ ಹೆಂಗಸರು ಪೆನ್ನು ಕೆಳಗಿಟ್ಟರು. ಅಲ್ಲಿಯವರೆಗೆ ಗಂಡಸರದ್ದೇ ಆಗಿದ್ದ ಯೂನಿಯನ್ನಿಗೆ ಒಂದೇ ವಾರದಲ್ಲಿ ಅಷ್ಟೂ ಹೆಂಗಸರು ಸೇರಿದರು. ಯೂನಿಯನ್ ಕಾರ್ಯದರ್ಶಿ, ಲೇತ್ ಮೆಷಿನ್ನಿನ ಕುಬಟೂರಿನ ತೀರ್ಥೇಶ್, “ಗುಡ್ಡಮ್ಮಕ್ಕ, ನಾವು ಹತ್ತು ವರ್ಷದಲ್ಲಿ ಮಾಡದೆ ಇದ್ದಿದ್ದು ನೀವು ಒಂದು ಪೆನ್ನಲ್ಲಿ ಮಾಡಿದ್ರಿ” ಅಂದಿದ್ದ.

ಎಂಟು ದಿನ ಕಳೆಯಿತು. ಮಧ್ಯಾಹ್ನ ಶಿಫ್ಟು ಬದಲಾಗುವ ಹೊತ್ತು, ಒಳಗಿನವರು ಹೊರಗೆ ಬರುತ್ತಿದ್ದರು, ಹೊರಗಿನವರು ಒಳಗೆ ಹೋಗುತ್ತಿದ್ದರು. ಗೇಟಿನಲ್ಲಿ ವೀರಬಸಪ್ಪನೇ ನಿಂತಿದ್ದ. ಗರಿಗರಿ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಗುಡ್ಡಮ್ಮನ ಕೈಯಿಂದ ಸ್ಟೀಲಿನ ಬುತ್ತಿ ಡಬ್ಬಿ ಕಿತ್ತುಕೊಂಡು ಎಲ್ಲರೆದುರು ನೆಲಕ್ಕೆ ಸುರಿದ. ಹೆಚ್ಚಿಗೆ ಕೆಲಸ ಬೀಳಬಹುದೆಂದು ಉಳಿಸಿಕೊಂಡಿದ್ದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಮಣ್ಣಿಗೆ ಬಿದ್ದವು. ಜೊತೆಗೆ ಹಿತ್ತಾಳೆ ನಟ್ಟುಗಳು ಟಣಟಣ ಉರುಳಿದವು.

“ನೋಡ್ರಪಾ, ಯೂನಿಯನ್ ಲೀಡರಮ್ಮನ ಬುತ್ತಿ ನೋಡ್ರಿ!” ಅಂದ ವೀರಬಸಪ್ಪ.

ವಾಚ್‌ಮನ್ ನಟ್ಟು ಆರಿಸಿ ಎಣಿಸಿದ. ನಲವತ್ತೊಂದು. ಗುಡ್ಡಮ್ಮನ ಬಾಯಿಂದ ಮೊದಲು ಬಂದ ಮಾತು ಅಳುವಲ್ಲ. “ನಾನು ಕದ್ದಿದ್ರೆ ಮೂವತ್ತಾರಿರ್ತಿತ್ತು. ನನ್ನ ಕೈ ನಲವತ್ತೊಂದು ಹಿಡಿಯೋದೇ ಇಲ್ಲ” ಅಂದಳು. ಕೆಲವರು ನಕ್ಕುಬಿಟ್ಟರು. ಆಮೇಲೆ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಇದನ್ನೇ ಹೇಳಿದಾಗ ಅವನೂ ನಕ್ಕ. ಅಯ್ಯೋ, ಇಷ್ಟು ಸತ್ಯವಾದ ಮಾತಿಗೆ ಇಷ್ಟು ನಗು ಬಿದ್ದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಕೆಲಸ ಹೋಯಿತು. ತೀರ್ಥೇಶ್ ಕೈ ಬಿಡಲಿಲ್ಲ. ಎರಡೂವರೆ ವರ್ಷ ಕಾರ್ಮಿಕ ನ್ಯಾಯಾಲಯಕ್ಕೆ ಅಲೆದು ಅವಳನ್ನು ವಾಪಸ್ ಕೆಲಸಕ್ಕೆ ಸೇರಿಸಿದ. ಆದರೆ ತೀರ್ಪಿನಲ್ಲಿ ಇದ್ದದ್ದು ‘ಆರೋಪ ಸಾಬೀತಾಗಿಲ್ಲ’ ಅನ್ನುವ ಎರಡೇ ಪದ. ವೀರಬಸಪ್ಪ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, “ಸಾಬೀತಾಗಿಲ್ಲ ಅಂದ್ರ ಕದ್ದಿಲ್ಲ ಅಂತಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವಳನ್ನು ಪ್ಯಾಕಿಂಗಿಗೆ ಬಿಡದೆ ಕಸ ಗುಡಿಸಲು ಹಾಕಿದ. ಪೊರಕೆ ಹಿಡಿದು ಅವಳು ದಿನಾ ತನ್ನ ಹಳೇ ಮೇಜಿನ ಪಕ್ಕ ಹಾದುಹೋಗುತ್ತಿದ್ದಳು.

ಇದೆಲ್ಲ ಒಂದು ತೂಕವಾದರೆ ಇನ್ನೊಂದು ಮಾತು ಇನ್ನೊಂದು ತೂಕ. ಬುತ್ತಿ ಸುರಿದ ದಿನ ಮನೆಗೆ ಬಂದವಳು ಗಂಡನಿಗೆ ಎಲ್ಲ ಹೇಳಿದ್ದಳು. ಚೌಡಪ್ಪ ಜಗಳಗಂಟನಲ್ಲ, ಎರಡು ಎಕರೆ ಮೆಕ್ಕೆಜೋಳ ಬೆಳೆದುಕೊಂಡು ತನ್ನ ಪಾಡಿಗೆ ಇರುವವನು. ಪೂರ್ತಿ ಕೇಳಿಸಿಕೊಂಡ. ಊಟಕ್ಕೆ ಕೂತ. ಎರಡು ತುತ್ತು ಉಂಡು, ತಲೆ ಎತ್ತದೆ, “ನಿಜವಾಗ್ಲೂ ನೀನು ತಂದಿಲ್ಲ ತಾನೆ?” ಅಂದ.

ಗುಡ್ಡಮ್ಮ ಎದ್ದಳು. ಆ ಬುತ್ತಿ ಡಬ್ಬಿಯನ್ನು ತೊಳೆದು ಅಟ್ಟದ ಮೇಲಿಟ್ಟಳು. ವೀರಬಸಪ್ಪನ ಬಾಯಿಂದಲೇ ಸತ್ಯ ಹೊರಬಂದ ದಿನ ಇದನ್ನು ಕೆಳಗಿಳಿಸುತ್ತೇನೆ, ಅಲ್ಲಿಯವರೆಗೆ ಇಲ್ಲ ಎಂದು ನಿಶ್ಚಯಿಸಿದಳು. ಅಂದಿನಿಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಅವಳ ಊಟ.

ಅವಳು ಕೆಲಸಕ್ಕೆ ವಾಪಸಾದ ಮರುವರ್ಷ ವೀರಬಸಪ್ಪನ ಮಗಳು ಗಂಗಾಶ್ರೀಯ ಮದುವೆ ಗೊತ್ತಾಯಿತು. ದೊಡ್ಡವರ ಮನೆ ಮದುವೆ ಅಂದಮೇಲೆ ಕಾರ್ಖಾನೆಯ ಪ್ರತಿ ಮನೆಗೂ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆಯಬೇಕು. ಒಂದು ಮನೆ ಬಿಟ್ಟರೂ ಕರೆದವರದ್ದೇ ಮರ್ಯಾದೆ ಹೋಗುತ್ತದೆ. ಹಾಗಾಗಿ ಕಳ್ಳಿಯ ಮನೆಗೂ ಕಾರು ಬಂತು. ವೀರಬಸಪ್ಪ ಕಾರಿನಿಂದ ಇಳಿಯಲಿಲ್ಲ. ಅವನ ಹೆಂಡತಿ ಶಕುಂತಲಮ್ಮ ಒಳಗೆ ಬಂದು, ಕುಂಕುಮ ಹಚ್ಚಿ, ಪತ್ರಿಕೆ ಕೈಗಿಟ್ಟು, ದನಿ ತಗ್ಗಿಸಿ, “ಗುಡ್ಡಮ್ಮ, ಅವತ್ತು ಆಗಿದ್ದು ಸರಿ ಅಲ್ಲ ಅಂತ ನನಗೂ ಗೊತ್ತೈತವ್ವ. ಮನಸ್ಸಿನಾಗ ಇಟ್ಕೋಬ್ಯಾಡ” ಅಂದರು. ಅಷ್ಟು ವರ್ಷದಲ್ಲಿ ಆ ಮನೆಯಿಂದ ಬಂದ ಒಂದೇ ಒಂದು ಒಳ್ಳೆಯ ಮಾತು ಅದು.

ಗುಡ್ಡಮ್ಮ ಮದುವೆಗೆ ಹೋಗಿ ಎರಡು ಹೋಳಿಗೆ ಹೆಚ್ಚಿಗೇ ಹಾಕಿಸಿಕೊಂಡು ಉಂಡು ಬಂದಳು. ಪತ್ರಿಕೆಯನ್ನು ಒಲೆಯ ಪಕ್ಕದ ಕೊಕ್ಕೆಗೆ ಚುಚ್ಚಿದಳು. ವೀರಶ್ರೀಯಲ್ಲಿ ದುಡಿದವರ ಮನೆಯಲ್ಲೆಲ್ಲ ಅಂಥದ್ದೊಂದು ಕೊಕ್ಕೆ ಇರುತ್ತದೆ, ಸೊಟ್ಟಗಾಗಿ ಬಿಸಾಕಿದ ಸೈಕಲ್ ಕಡ್ಡಿಯನ್ನು ಬಗ್ಗಿಸಿ ಮಾಡಿದ್ದು. ಬದನೆಕಾಯಿ ಚುಚ್ಚಿ ಸುಡುವುದೂ ಅಂಥ ಕಡ್ಡಿಯಲ್ಲೇ, ಟೊಮೆಟೊ ಗಿಡಕ್ಕೆ ಆಸರೆಯೂ ಅದೇ. ಕರೆಂಟ್ ಬಿಲ್ಲು, ರೇಷನ್ ಚೀಟಿ, ಮದುವೆ ಪತ್ರಿಕೆ ಎಲ್ಲ ಆ ಕೊಕ್ಕೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಹಳೆಯವನ್ನು ಎಲ್ಲರ ಹಾಗೆ ಗುಡ್ಡಮ್ಮನೂ ಆಗಾಗ ಒಲೆಗೆ ಹಾಕುತ್ತಿದ್ದಳು, ಈ ಪತ್ರಿಕೆಯನ್ನು ಮಾತ್ರ ಹಾಕಲಿಲ್ಲ. ರೊಟ್ಟಿ ತಟ್ಟುವಾಗ ಆ ಬಂಗಾರದ ಅಕ್ಷರ ಕಣ್ಣಿಗೆ ಬೀಳುತ್ತಿತ್ತು, ಹೊಟ್ಟೆಯೊಳಗಿನ ಕಿಚ್ಚು ಆರದೆ ಉಳಿಯುತ್ತಿತ್ತು. ಓದಿ ಓದಿ ಅದು ಬಾಯಿಪಾಠವೇ ಆಗಿಹೋಗಿತ್ತು.

ಮುಂದೆ ಕಾರ್ಖಾನೆ ನೆಲಕಚ್ಚಿತು. ಕೊರೊನಾ ಕಳೆದ ಮೇಲೆ ಆರ್ಡರು ಕುಸಿಯಿತು ನಿಜ. ಆದರೆ ವೀರಬಸಪ್ಪ ಬ್ಯಾಂಕಿನ ದುಡ್ಡಲ್ಲಿ ಬೇರೆ ಕಡೆ ನಿವೇಶನ ಕೊಂಡಿದ್ದೂ ಅಷ್ಟೇ ನಿಜ. ಆರು ತಿಂಗಳು ಸಂಬಳವಿಲ್ಲದೆ ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿತ್ತು. ಬ್ಯಾಂಕಿನವರು ಅವನನ್ನು ‘ಕಟ್ಟುವ ತಾಕತ್ತಿದ್ದೂ ಬೇಕೆಂದೇ ಸಾಲ ಕಟ್ಟದವನು’ ಎಂದು ಘೋಷಿಸಿ, ಕಂಪನಿಗಳ ವ್ಯಾಜ್ಯ ನೋಡುವ ಬೆಂಗಳೂರಿನ ಟ್ರಿಬ್ಯುನಲ್ಲಿಗೆ ದಿವಾಳಿ ಅರ್ಜಿ ಹಾಕಿದರು. ಕಾರ್ಖಾನೆಯನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ ಬಂದ. ಯಾರಾದರೂ ಹೊಸಬರು ಕೊಂಡು ನಡೆಸುವುದಿದ್ದರೆ ಅರ್ಜಿ ಹಾಕಿ ಎಂದು ದಿನಪತ್ರಿಕೆಗಳಲ್ಲಿ ಪ್ರಕಟಿಸಿದ.

ಬಂದದ್ದು ಒಂದೇ ಅರ್ಜಿ. ಗೇಟಿನೆದುರಿನ ಚಹಾದಂಗಡಿಯಲ್ಲಿ ತೀರ್ಥೇಶ್ ಅದನ್ನು ಎಲ್ಲರಿಗೂ ಓದಿ ಹೇಳಿದ. “ಹಾವೇರಿಯ ಶ್ರೀಗಂಗಾ ಟ್ರೇಡರ್ಸ್, ಮಾಲೀಕರು ನಾಗರಾಜ್. ಅರವತ್ತೆರಡು ಜನಕ್ಕೆ ವಾಪಸ್ ಕೆಲಸ ಕೊಡ್ತಾರಂತೆ. ಬಾಕಿ ಸಂಬಳದಲ್ಲಿ ಕಾಲು ಭಾಗ ಕೊಡ್ತಾರಂತೆ. ಹಳೇ ಮಾಲೀಕರಿಗೂ ತಮಗೂ ಯಾವ ಸಂಬಂಧವೂ ಇಲ್ಲ ಅಂತ ಪ್ರಮಾಣಪತ್ರ ಹಾಕಿದಾರೆ. ಬ್ಯಾಂಕು ಒಪ್ಪಿದೆ. ಟ್ರಿಬ್ಯುನಲ್ ಒಂದು ಮುದ್ರೆ ಒತ್ತಿದ್ರೆ ಆಯ್ತು.” ಜನ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಅತ್ತೇಬಿಟ್ಟಳು.

ಗುಡ್ಡಮ್ಮನ ಕೈಯಲ್ಲಿದ್ದ ಚಹಾ ಲೋಟ ಅಲ್ಲಿಗೇ ನಿಂತಿತು. ಶ್ರೀಗಂಗಾ ಟ್ರೇಡರ್ಸ್! ಎಷ್ಟು ವರ್ಷದಿಂದ ಒಲೆಯ ಪಕ್ಕದಲ್ಲೇ ತೂಗಾಡುತ್ತಿರುವ ಹೆಸರು! ಮನೆಗೆ ಓಡಿಬಂದು ಕೊಕ್ಕೆಯಿಂದ ಪತ್ರಿಕೆ ಬಿಚ್ಚಿದಳು. ‘ತಮ್ಮ ಸುಖಾಗಮನ ಬಯಸುವವರು’ ಎಂಬಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವ ಎಲ್ಲರ ಹೆಸರಿನ ಕೆಳಗೆ ಅವರವರ ಅಂಗಡಿ, ಮಿಲ್ಲು, ಗೋಡೌನುಗಳ ಹೆಸರು. ವ್ಯಾಪಾರಸ್ಥರ ಮನೆಯ ಜಂಬ ಅದು. ಪತ್ರಿಕೆಯಲ್ಲಿ ಅಂಗಡಿಯ ಹೆಸರು ಬಿಟ್ಟುಹೋದರೆ ನೆಂಟರು ಮುನಿಸಿಕೊಂಡು ಮದುವೆಗೇ ಬರುವುದಿಲ್ಲ. ನಡುವೆ, ಎದ್ದು ಕಾಣುವ ಅಕ್ಷರದಲ್ಲಿ: ‘ವಧುವಿನ ಸೋದರಮಾವ ಶ್ರೀ ನಾಗರಾಜ್ ಹಾಗೂ ಸಹೋದರಿ ಶ್ರೀಮತಿ ಶಕುಂತಲಮ್ಮ ವೀರಬಸಪ್ಪ, ಪಾಲುದಾರರು, ಶ್ರೀಗಂಗಾ ಟ್ರೇಡರ್ಸ್, ಹಾವೇರಿ.’

ಹೆಂಡತಿಯ ತಮ್ಮ! ಹೆಂಡತಿಯೇ ಪಾಲುದಾರಳು! ಮುಂಬಾಗಿಲಿಂದಲ್ಲದಿದ್ದರೆ ಹಿತ್ತಲ ಬಾಗಿಲಿಂದ ಒಳಗೆ ಬರುತ್ತಿದ್ದಾನೆ ವೀರಬಸಪ್ಪ. ಸಾಲ ಮುಳುಗಿಸಿ, ಸಂಬಳ ನುಂಗಿ, ಅದೇ ಕುರ್ಚಿಯಲ್ಲಿ ಮತ್ತೆ ಕೂರಲು ಹೊರಟಿದ್ದಾನೆ. ಸಿಕ್ಕಿಬಿದ್ದೆಯಲ್ಲೋ, ಅಂದುಕೊಂಡಳು ಗುಡ್ಡಮ್ಮ.

ಆ ಸಂಜೆಯೇ ತೀರ್ಥೇಶನಿಗೆ ಪತ್ರಿಕೆ ತೋರಿಸಿದಳು. ಅವನು ಓದಿದ, ಮತ್ತೆ ಓದಿದ. ಮುಖ ಕಪ್ಪಿಟ್ಟಿತು. “ಅಕ್ಕ, ಬೇಕಂತಲೇ ಸಾಲ ಕಟ್ಟದವನೂ, ಅವನ ಜೊತೆ ವ್ಯವಹಾರ ಇರೋ ನೆಂಟರೂ ಕಂಪನಿ ವಾಪಸ್ ಕೊಳ್ಳಂಗಿಲ್ಲ. ಕಾನೂನೇ ಹಂಗಿದೆ. ಇದು ಹೊರಗೆ ಬಂದ್ರೆ ಅರ್ಜಿ ಬಿದ್ದುಹೋಗುತ್ತೆ.”

“ಬೀಳಲಿ.”

“ಬಿದ್ರೆ ಇನ್ನೊಬ್ಬ ಗಿರಾಕಿ ಇಲ್ಲ ಅಕ್ಕ! ಮೆಷಿನ್ನು ಬಿಚ್ಚಿ ಗುಜರಿಗೆ ಮಾರ್ತಾರೆ. ಅರವತ್ತೆರಡು ಮನೆ ಒಲೆ ಇದರ ಮೇಲಿದೆ. ನನ್ನದೂ ಸೇರಿಸಿ. ಕೈ ಮುಗೀತೀನಿ, ಇದನ್ನ ಒಲೆಗೆ ಹಾಕಿ.”

ತನಗಾಗಿ ಎರಡೂವರೆ ವರ್ಷ ಕೋರ್ಟಿಗೆ ಅಲೆದವನು ಕೈ ಮುಗಿದು ನಿಂತಿದ್ದ. ಗುಡ್ಡಮ್ಮ, “ನೋಡ್ತೇನೆ” ಎಂದು ಹೇಳಿ ಎದ್ದು ಬಂದಳು. ನೋಡುವುದು ಏನೂ ಇರಲಿಲ್ಲ. ಬುಧವಾರ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಕಾರ್ಮಿಕರ ಕೇಸು ನಡೆಸುವ ವಕೀಲೆ ನಯನ ಅವರ ಮೇಜಿನ ಮೇಲೆ ಪತ್ರಿಕೆ ಇಟ್ಟಳು. ಸಂಬಳ ಬಾಕಿ ಇರುವ ಕೆಲಸಗಾರ್ತಿ, ಅವಳೊಬ್ಬಳ ಸಹಿ ಇದ್ದರೂ ಆಕ್ಷೇಪಣೆ ಹಾಕಬಹುದಿತ್ತು.

“ಯೋಚನೆ ಮಾಡಿದೀರಾ ಅಮ್ಮ? ಇದು ಹೋದರೆ ಕಾರ್ಖಾನೆ ಮತ್ತೆ ತೆರೆಯೋದು ಅನುಮಾನ” ಅಂದರು ನಯನ.

“ಹತ್ತು ವರ್ಷ ಯೋಚನೆ ಮಾಡೀನಿ ಮೇಡಂ. ಎಲ್ಲಿ ಸಹಿ ಹಾಕ್ಬೇಕು, ತೋರಿಸಿ.”

ಪತ್ರಿಕೆ ಅವರ ಬಳಿ ಉಳಿಯಿತು. ಗುಡ್ಡಮ್ಮ ಸಂಜೆ ಬಸ್ಸಿಗೆ ಊರಿಗೆ ಬಂದಳು, ಯಾರಿಗೂ ಬಾಯಿ ಬಿಡಲಿಲ್ಲ.

ಇತ್ತ ತೀರ್ಥೇಶ್ ವೀರಬಸಪ್ಪನಿಗೇ ಫೋನು ಮಾಡಿ, “ಗುಡ್ಡಮ್ಮನ ಹತ್ತಿರ ನಿಮ್ಮ ಮಗಳ ಮದುವೆ ಪತ್ರಿಕೆ ಇದೆ, ಹೆಂಗಾದ್ರೂ ಸಮಾಧಾನ ಮಾಡಿ” ಎಂದು ಹೇಳಿಬಿಟ್ಟಿದ್ದ. ಶುಕ್ರವಾರ ಮಧ್ಯಾಹ್ನ ಶಕುಂತಲಮ್ಮ ಒಬ್ಬರೇ ಬಂದರು. ಮದುವೆಗೆ ಕರೆಯಲು ಬಂದಾಗ ಕೂತಿದ್ದ ಬೆಂಚಿನ ಮೇಲೇ ಕೂತರು. ಕೈಯಲ್ಲಿ ಹಣ್ಣಿನ ಚೀಲ.

“ಆ ಪತ್ರಿಕೆ ಕೊಡವ್ವ. ಏನು ಬೇಕು ಕೇಳು, ಕೊಡ್ತೀವಿ.”

“ನನಗೆ ದುಡ್ಡು ಬ್ಯಾಡ ಅಮ್ಮೋರೆ. ಬರೋ ಭಾನುವಾರ ನಿಮ್ಮ ಯಜಮಾನ್ರು ಗೇಟಿನ ಮುಂದೆ ಬರಲಿ. ಎಲ್ಲರ ಎದುರು, ನಟ್ಟು ನಾನೇ ಹಾಕಿಸಿದ್ದು, ಗುಡ್ಡಮ್ಮ ಕದ್ದಿಲ್ಲ ಅಂತ ಹೇಳಲಿ. ಅಷ್ಟೇ ಸಾಕು.”

“ಹೇಳಿದ್ರ ಪತ್ರಿಕೆ ಸುಟ್ಟು ಹಾಕ್ತೀಯಾ?”

“ಹೂಂ. ಸುಡ್ತೇನೆ.”

ಸುಳ್ಳು. ಹಸಿ ಹಸಿ ಸುಳ್ಳು. ಸುಡಲು ಮನೆಯಲ್ಲಿ ಪತ್ರಿಕೆಯೇ ಇರಲಿಲ್ಲ. ಅದೂ ಯಾರ ಮುಂದೆ? ಆ ಮನೆಯಿಂದ ಒಂದೇ ಒಂದು ಒಳ್ಳೆಯ ಮಾತು ಆಡಿದ ಹೆಂಗಸಿನ ಮುಂದೆ. ಶಕುಂತಲಮ್ಮ ಅವಳ ಕೈ ಹಿಡಿದು, “ನಿನ್ನ ಮಾತು ನಂಬೀನಿ ಗುಡ್ಡಮ್ಮ” ಅಂದರು. ಗುಡ್ಡಮ್ಮ ಕೈ ಬಿಡಿಸಿಕೊಂಡು, ಹಣ್ಣಿನ ಚೀಲ ವಾಪಸ್ ಕೊಟ್ಟು ಕಳಿಸಿದಳು.

ಭಾನುವಾರ ಹತ್ತು ಗಂಟೆಗೆ ಗೇಟಿನ ಮುಂದೆ ನೂರು ಜನ. ಸೊರಬದ ಕಡೆಯಿಂದಲೂ ಹಳೇ ಕೆಲಸಗಾರರು ಬಂದಿದ್ದರು. ಚೌಡಪ್ಪನನ್ನು ಗುಡ್ಡಮ್ಮ ಬಲವಂತದಿಂದ ಕರೆದುಕೊಂಡು ಹೋಗಿ ಮುಂದಿನ ಸಾಲಲ್ಲೇ ನಿಲ್ಲಿಸಿದಳು. ಅವಳ ಕೈಯಲ್ಲಿ ಅಟ್ಟದಿಂದ ಇಳಿಸಿದ ಸ್ಟೀಲಿನ ಡಬ್ಬಿ ಇತ್ತು.

ವೀರಬಸಪ್ಪ ಕಾರಿನಿಂದ ಇಳಿದ. ಅದೇ ಬಿಳಿ ಅಂಗಿ, ಅದೇ ವಿಭೂತಿ. ಮುಖ ಮಾತ್ರ ಕಹಿ ಕಷಾಯ ಕುಡಿದವನ ಹಾಗಿತ್ತು. ನೆಲ ನೋಡುತ್ತಾ, “ಅವತ್ತಿನ ನಟ್ಟು ನಾನ ಹಾಕಿಸಿದ್ದೆ. ಗುಡ್ಡಮ್ಮನ ತಪ್ಪಿಲ್ಲ” ಎಂದು ಗೊಣಗಿದ.

“ಹಿಂದಿನೋರಿಗೆ ಕೇಳಲಿಲ್ಲ” ಅಂದಳು ಗುಡ್ಡಮ್ಮ.

ಅವನು ಕಣ್ಣು ಕೆಂಪಗೆ ಮಾಡಿ ಅವಳನ್ನು ನೋಡಿದ. ಅವಳು ಕದಲಲಿಲ್ಲ.

“ನಟ್ಟು ನಾನ ಹಾಕಿಸಿದ್ದೆ! ವಾಚ್‌ಮನ್ ಕೈಲಿ ಹಾಕಿಸಿದ್ದೆ! ಗುಡ್ಡಮ್ಮ ಕದ್ದಿರ್ಲಿಲ್ಲ!”

“ಎಷ್ಟು ನಟ್ಟು?”

“ಅದ್ಯಾಕ ಈಗ? ಯಾರು ಎಣಿಸ್ಯಾರ? ಒಂದು ಹಿಡಿ ಹಾಕು ಅಂದಿದ್ದೆ.”

“ನಲವತ್ತೊಂದು” ಅಂದಳು ಗುಡ್ಡಮ್ಮ. ಈ ಸಲ ಯಾರೂ ನಗಲಿಲ್ಲ. ಅವಳು ತಿರುಗಿ ಗಂಡನ ಮುಖ ನೋಡಿದಳು. ಚೌಡಪ್ಪ ಟವಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ, ಕಣ್ಣು ತುಂಬಿದ್ದವು. ಆಹಾ, ಆ ಹೊತ್ತಿನ ಸುಖವನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಹೊಟ್ಟೆ ತಣ್ಣಗಾಯಿತು ಎಂದು ಈಗಲೂ ಬಾಯಿಬಿಟ್ಟು ಹೇಳುತ್ತಾಳೆ.

ವೀರಬಸಪ್ಪ ಕೈ ಚಾಚಿದ. “ಆತಲ್ಲ? ತಾ ಇಲ್ಲಿ ಪತ್ರಿಕೆ.”

“ಅದು ಬುಧವಾರಾನೇ ಶಿವಮೊಗ್ಗಕ್ಕೆ ಹೋಯ್ತು. ವಕೀಲರ ಹತ್ರ ಐತೆ. ನೀವು ಇಲ್ಲಿಗೆ ಬರೋ ಮೊದಲೇ ತಕರಾರು ಅರ್ಜಿ ಹಾಕಿ ಆಗಿದೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ವೀರಬಸಪ್ಪ ಅವಳ ಮೇಲೆ ಏರಿಹೋದ, ಡ್ರೈವರು ಹಿಡಿದುಕೊಂಡ. “ಮೋಸಗಾತಿ! ಮಾತು ಕೊಟ್ಟಿದ್ದಿಯಲ್ಲ!” ಎಂದು ಕೂಗಾಡಿದ. ಗುಡ್ಡಮ್ಮ, “ಹೌದು, ಕೊಟ್ಟಿದ್ದೆ. ಸುಳ್ಳು ಹೇಳಿದೆ. ನಿಮ್ಮ ಗೇಟಲ್ಲೇ ಕಲ್ತಿದ್ದು” ಅಂದಳು. ಕಾರಿನೊಳಗೆ ಕೂತಿದ್ದ ಶಕುಂತಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅತ್ತ ಮಾತ್ರ ಗುಡ್ಡಮ್ಮ ನೋಡಲಿಲ್ಲ.

ತೀರ್ಥೇಶ್ ಹತ್ತಿರ ಬಂದ. ಬೈಯಲಿಲ್ಲ, ಕೂಗಲಿಲ್ಲ. “ಅವನ ಜೊತೆ ನಮ್ಮನ್ನೂ ಸೇರಿಸಿ ಹೊಡೆದ್ಯಲ್ಲ ಅಕ್ಕ” ಎಂದು ಹೇಳಿ ಬೈಕ್ ಹತ್ತಿ ಹೋದ. ಅವಳನ್ನು ಅವನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು, ಅದೇ ಕೊನೆ.

ನಾಲ್ಕು ತಿಂಗಳಿಗೆ ಟ್ರಿಬ್ಯುನಲ್ ನಾಗರಾಜನ ಅರ್ಜಿ ತಳ್ಳಿಹಾಕಿ, ಕಾರ್ಖಾನೆಯನ್ನು ಮಾರಿ ಬಾಕಿ ತೀರಿಸಿ ಎಂದು ಆದೇಶ ಕೊಟ್ಟಿತು. ಸುಳ್ಳು ಪ್ರಮಾಣಪತ್ರಕ್ಕೆ ಅಕ್ಕ ತಮ್ಮ ಇಬ್ಬರಿಗೂ ನೋಟಿಸು ಬಂತು. ಮೆಷಿನ್ನುಗಳನ್ನು ಬಿಚ್ಚಿ ಲಾರಿಗೆ ಹೇರಿದ ದಿನ ಗುಡ್ಡಮ್ಮ ರಸ್ತೆಯ ಈಚೆ ನಿಂತು ನೋಡಿದಳು. ತನ್ನ ಪ್ಯಾಕಿಂಗ್ ಮೇಜು ತಲೆಕೆಳಗಾಗಿ, ನಾಲ್ಕು ಕಾಲು ಮೇಲೆ ಮಾಡಿಕೊಂಡು ಹೋಯಿತು. ದಿವಾಳಿ ಕಾನೂನಿನಲ್ಲಿ ಕೆಲಸಗಾರರ ಎರಡು ವರ್ಷದ ಬಾಕಿಗೆ ಬ್ಯಾಂಕಿನ ಸಾಲದಷ್ಟೇ ಹಕ್ಕಿರುವುದರಿಂದ ಒಬ್ಬೊಬ್ಬರಿಗೂ ಒಂದಿಷ್ಟು ಕೈಗೆ ಸಿಕ್ಕಿತು. ಕೆಲಸ ಯಾರಿಗೂ ಸಿಗಲಿಲ್ಲ. ತೀರ್ಥೇಶ್ ಈಗ ಆನವಟ್ಟಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ.

ಒಮ್ಮೆ ಶಿಕಾರಿಪುರದ ಸಂತೆಯಲ್ಲಿ ಶಕುಂತಲಮ್ಮ ಎದುರಾದರು. ಮೊದಲಿನ ಬಂಗಾರ ಮೈಮೇಲಿರಲಿಲ್ಲ. ಗುಡ್ಡಮ್ಮನನ್ನು ನೋಡಿ, ಕೊಳ್ಳುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಹೊರಟುಹೋದರು. ಆ ದಿನ ಗುಡ್ಡಮ್ಮ ಮನೆಗೆ ಬಂದು ಉಣ್ಣಲಿಲ್ಲ. ವೀರಬಸಪ್ಪನಿಗೆ ಮಾಡಿದ್ದಕ್ಕೆ ಅವಳಿಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಈ ಒಂದು ಮುಳ್ಳು ಮಾತ್ರ ಒಳಗೇ ಉಳಿದಿದೆ.

ಈಗ ಅವಳು ಮೆಕ್ಕೆಜೋಳದ ಗೋಡೌನಿನಲ್ಲಿ ಕಾಳು ಹಸನು ಮಾಡಲು ಹೋಗುತ್ತಾಳೆ. ಮೊನ್ನೆ ಬೆಳಿಗ್ಗೆ ಸ್ಟೀಲಿನ ಡಬ್ಬಿಗೆ ರೊಟ್ಟಿ, ಶೇಂಗಾ ಚಟ್ನಿ ತುಂಬುತ್ತಿದ್ದಳು. ಹೊಸಿಲ ಮೇಲೆ ಕೂತಿದ್ದ ಚೌಡಪ್ಪ ಹೇಳಿದ:

“ಊರಾಗೆ ನಿನಗೆ ಮನೆಮುರುಕಿ ಅಂತಾರಲ್ಲೇ. ಅರವತ್ತು ಮನೆ ಮುರಿದೋಳು ಅಂತಾರೆ.”

ಗುಡ್ಡಮ್ಮ ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದಳು.

“ಅನ್ನಲಿ. ಅದು ನಾನು ಮಾಡಿದ್ದು” ಅಂದಳು. “ಮಾಡದೆ ಇದ್ದಿದ್ದಕ್ಕೆ ಹತ್ತು ವರ್ಷ ಹೆಸರು ಹೊತ್ತೀನಿ. ಮಾಡಿದ್ದಕ್ಕೆ ಹೊರೋದು ನನಗೇನು ಭಾರ ಅಲ್ಲ.”